ಕ್ಯಾಂಬರ್ ಆರ್ಮ್ ಎಲ್ಲ ಕಾರಿಗೂ ಹೊಂದುವುದಿಲ್ಲ: ಸ್ಪಷ್ಟನೆ

‘ಕಾರಿನ ಎತ್ತರ ತಗ್ಗಿಸಿದ ಮೇಲೆ ಮುಂದಿನ ಟೈರ್ ಒಳಬದಿ ಸವೆಯುತ್ತಿದ್ದರೆ ಹೊಂದಿಸಬಹುದಾದ ಅಪ್ಪರ್ ಆರ್ಮ್ ಹಾಕಿಸಿ, ಯಾವ ಕಾರಿಗಾದರೂ ಸರಿ’ ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧ ಸತ್ಯ. ಅಪ್ಪರ್ ಆರ್ಮ್ ಅಂದರೆ ಚಕ್ರದ ಮೇಲ್ಭಾಗವನ್ನು ಕಾರಿಗೆ ಜೋಡಿಸುವ ತೋಳು; ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ) ಹೊಂದಿಸುವುದರಿಂದ ಅದನ್ನೇ ಕ್ಯಾಂಬರ್ ಆರ್ಮ್ ಅನ್ನುತ್ತಾರೆ.

ಸ್ವಿಫ್ಟ್‌ನಂಥ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಒಂದೇ ಕಂಬ) ಇರುವ ಕಾರಿನ ಮುಂಭಾಗದಲ್ಲಿ ಅಪ್ಪರ್ ಆರ್ಮೇ ಇಲ್ಲ! ಅಲ್ಲಿ ಬೇಕಿರುವುದು ಸ್ಟ್ರಟ್ ಬುಡದ ಕ್ಯಾಂಬರ್ ಬೋಲ್ಟ್ ಅಥವಾ ಮೇಲಿನ ಕ್ಯಾಂಬರ್ ಪ್ಲೇಟ್. ಡಬಲ್ ವಿಶ್‌ಬೋನ್ (ಮೇಲೊಂದು, ಕೆಳಗೊಂದು ತೋಳು) ಇದ್ದ 1996–2000ರ ಹೋಂಡಾ ಸಿವಿಕ್‌ನಂಥ ಕಾರುಗಳಿಗೆ ಮಾತ್ರ ಆ ಸಲಹೆ ಒಪ್ಪುತ್ತದೆ. ಅಪ್ಪರ್ ಆರ್ಮ್ ಉದ್ದವಾದಷ್ಟೂ ಚಕ್ರದ ತಲೆ ಹೊರಕ್ಕೆ ವಾಲಿ ನೆಗೆಟಿವ್ ಕ್ಯಾಂಬರ್ (ತಲೆ ಒಳಕ್ಕೆ ವಾಲಿರುವುದು) ತಗ್ಗುತ್ತದೆ. ದಿನದ ಓಡಾಟಕ್ಕೆ ರಬ್ಬರ್ ಬುಷ್‌ (ಕೀಲಿನ ಮೆತ್ತೆ) ಇರುವ ಆರ್ಮನ್ನೇ ಆರಿಸಿ. ಲೋಹದ ಬೇರಿಂಗ್‌ನದು ನಮ್ಮ ಗುಂಡಿ ರಸ್ತೆಗಳಲ್ಲಿ ಬೇಗ ಸವೆದು ಕಟಕಟ ಅನ್ನುತ್ತದೆ.

ಇನ್ನೊಂದು ವಿಷಯ: ಒಳಬದಿ ಸವೆತಕ್ಕೆ ಎಷ್ಟೋ ಸಲ ಕಾರಣ ಕ್ಯಾಂಬರ್ ಅಲ್ಲ, ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು). ಮೊದಲು ಅಲೈನ್‌ಮೆಂಟ್ ನೋಡಿಸಿ. ಆರ್ಮ್ ಹಾಕಿದರೂ ಮತ್ತೆ ಮಾಡಿಸಲೇಬೇಕು, ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುತ್ತದೆ.