ನಾಯಿ ಯಾರ ಪಾಲಿಗೆ?

ಭಾನುವಾರದ ಊಟ ಮುಗಿಸಿ ಟೀವಿಯ ಮುಂದೆ ತೂಕಡಿಸುತ್ತಿದ್ದವನಿಗೆ ಸುತ್ತಿಗೆಯ ಸದ್ದಿಗೆ ಎಚ್ಚರವಾಯಿತು. ಯಾವುದೋ ಹಾಸ್ಯಚಿತ್ರ. ನ್ಯಾಯಾಧೀಶರು ಮೇಜು ಕುಟ್ಟಿ, ವಿಚ್ಛೇದನ ಕೇಳಲು ಬಂದ ಗಂಡ ಹೆಂಡತಿಗೆ ‘ಆರು ತಿಂಗಳು ಒಂದೇ ಸೂರಿನಡಿ ಇದ್ದು ಬನ್ನಿ’ ಎಂದು ಅಪ್ಪಣೆ ಕೊಡುತ್ತಿದ್ದರು. ನಮ್ಮ ಕೋರ್ಟುಗಳಲ್ಲಿ ಸುತ್ತಿಗೆ ಬಡಿಯುವ ಪದ್ಧತಿಯೇ ಇಲ್ಲ. ಹೋಗಲಿ, ಅದನ್ನು ಕ್ಷಮಿಸೋಣ. ಆ ಆರು ತಿಂಗಳನ್ನು ಮಾತ್ರ ನಾನು ಕ್ಷಮಿಸಲಾರೆ.

ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಜಾಗ ಸಿಕ್ಕಿದ್ದು 1976ರಲ್ಲಿ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕೆಂಬುದು ನಿಜ. ಸಂದರ್ಭ ನೋಡಿ ಅದನ್ನೂ ಕೈಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಒಟ್ಟಿಗೆ ಇರಿ ಎಂಬ ಷರತ್ತು ಕಾಯ್ದೆಯಲ್ಲಿ ಎಲ್ಲಿದೆ? ಅರ್ಜಿ ಹಾಕುವ ಮೊದಲೇ ಕನಿಷ್ಠ ಒಂದು ವರ್ಷ ಬೇರೆಯಾಗಿ ಬದುಕಿರಬೇಕು ಎನ್ನುತ್ತದೆ ಅದು. ಸಿನಿಮಾದವರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಓದಿದ್ದಾರೆ. ಹಾಗೆ ಓದದಿದ್ದರೆ ಮಧ್ಯಂತರದ ನಂತರ ಹೆಂಡತಿಗೆ ಜ್ವರ ಬರುವುದು ಹೇಗೆ, ಗಂಡ ಗಂಜಿ ಕಾಯಿಸಲು ಹೋಗಿ ಕೈ ಸುಟ್ಟುಕೊಳ್ಳುವುದು ಹೇಗೆ?

ಈ ಹೂಟ ನಮ್ಮವರದೇ ಅಲ್ಲ. ಲಿಯೋ ಮೆಕ್ಯಾರಿಗೆ ನಿರ್ದೇಶನದ ಆಸ್ಕರ್ ತಂದುಕೊಟ್ಟ 1937ರ ‘ದಿ ಆಫುಲ್ ಟ್ರೂತ್’ನಲ್ಲಿ ವಿಚ್ಛೇದನ ಕಾಯಂ ಆಗಲು 90 ದಿನದ ಗಡುವು. ಕ್ಯಾರಿ ಗ್ರಾಂಟ್ ಮತ್ತು ಐರೀನ್ ಡನ್ ಗಂಡ ಹೆಂಡತಿ. ಕೊನೆಯ ರಾತ್ರಿ ಹನ್ನೆರಡು ಹೊಡೆಯುವುದರೊಳಗೆ ಅವರು ಒಂದಾಗುತ್ತಾರೆ; ಅದು ನಾಯಿಗೂ ಗೊತ್ತು.

ನಾಯಿ ಎಂದೆನಲ್ಲ. ಆ ದಂಪತಿಗೆ ಮಕ್ಕಳಿಲ್ಲ, ಮಿಸ್ಟರ್ ಸ್ಮಿತ್ ಎಂಬ ನಾಯಿ ಇದೆ. ಅದು ಯಾರಿಗೆ ಸೇರಬೇಕೆಂದು ಕೋರ್ಟಿನಲ್ಲೇ ಜಗಳ. ಅದರ ಇಷ್ಟದಂತೆಯೇ ಆಗಲಿ ಎಂದು ನ್ಯಾಯಾಧೀಶರು ನಾಯಿಯನ್ನು ನಡುವೆ ಬಿಡಿಸುತ್ತಾರೆ. ಅತ್ತ ಗಂಡ, ಇತ್ತ ಹೆಂಡತಿ, ಇಬ್ಬರೂ ಮುದ್ದುಗರೆದು ಕರೆಯುತ್ತಾರೆ. ಹೆಂಡತಿ ಯಾರ ಕಣ್ಣಿಗೂ ಬೀಳದಂತೆ ಅದರ ಆಟಿಕೆಯೊಂದನ್ನು ತುಸುವೇ ತೋರಿಸುತ್ತಾಳೆ. ಮುಗಿಯಿತು! ಗಂಡನಿಗೆ ಉಳಿದದ್ದು ಆಗಾಗ ಬಂದು ನಾಯಿಯನ್ನು ನೋಡಿಹೋಗುವ ಹಕ್ಕು. ಆ ಹಕ್ಕು ಚಲಾಯಿಸಲು ಬಂದವನು ಪಿಯಾನೋ ನುಡಿಸುತ್ತಾನೆ, ನಾಯಿ ದನಿಗೂಡಿಸುತ್ತದೆ. ಮುಂದೊಮ್ಮೆ ಹೆಂಡತಿ ತನ್ನ ಸಂಗೀತದ ಮೇಷ್ಟರನ್ನು ಒಳಕೋಣೆಯಲ್ಲಿ ಅಡಗಿಸಿ, ಅವರ ಟೊಪ್ಪಿಯನ್ನೂ ಮರೆಮಾಡಿದರೆ, ಈ ಮಹಾಶಯ ಅದನ್ನು ಕಚ್ಚಿಕೊಂಡು ಗಂಡನ ಎದುರಿಗೇ ತರುತ್ತಾನೆ. ಅವಳು ಮತ್ತೆ ಬಚ್ಚಿಡುತ್ತಾಳೆ, ಇವನು ಮತ್ತೆ ತರುತ್ತಾನೆ. ಈತನ ನಿಜನಾಮ ಸ್ಕಿಪ್ಪಿ. ಮರುವರ್ಷ ‘ಬ್ರಿಂಗಿಂಗ್ ಅಪ್ ಬೇಬಿ’ಯಲ್ಲಿ ಮೂಳೆಯೊಂದನ್ನು ಹೂತಿಟ್ಟು ಅದೇ ಗ್ರಾಂಟನಿಂದ ತೋಟವೆಲ್ಲ ಅಗೆಸಿದ ನಟಶ್ರೇಷ್ಠ. ಇವನ ಬಗ್ಗೆ ಇನ್ನೂ ಬರೆಯಬಹುದಿತ್ತು. ಆದರೆ ನಾನು ಹೊರಟಿದ್ದು ವಿಚ್ಛೇದನದ ಬಗ್ಗೆ.

ನಾಯಿ ಇದ್ದರೆ ಒಂದು ಅನುಕೂಲವುಂಟು: ‘ಅಪ್ಪ ಯಾಕೆ ಮನೆಗೆ ಬರುವುದಿಲ್ಲ’ ಎಂದು ಅದು ಕೇಳುವುದಿಲ್ಲ. ಕೇಳುವ ಮಕ್ಕಳನ್ನೇ ಇಟ್ಟುಕೊಂಡು ನಗಿಸಿದ್ದು 1993ರ ‘ಮಿಸೆಸ್ ಡೌಟ್‌ಫೈರ್’. ಮಕ್ಕಳ ಜೊತೆಗಿರಲು ರಾಬಿನ್ ವಿಲಿಯಮ್ಸ್ ಮುದುಕಿಯ ವೇಷ ಹಾಕಿ ಹೆಂಡತಿಯ ಮನೆಯಲ್ಲೇ ಕೆಲಸಕ್ಕೆ ಸೇರುತ್ತಾನೆ. ಇಷ್ಟೆಲ್ಲ ಕುಣಿದರೂ ಕೊನೆಗೆ ದಂಪತಿ ಒಂದಾಗುವುದಿಲ್ಲ. ಮಕ್ಕಳು ಸಿಗುತ್ತಾರೆ, ಹೆಂಡತಿ ಸಿಗುವುದಿಲ್ಲ, ಅಷ್ಟೇ. ಅದೇ ಕಥೆ ಕಮಲ್ ಹಾಸನ್ ಕೈಯಲ್ಲಿ 1996ರಲ್ಲಿ ತಮಿಳಿನ ‘ಅವ್ವೈ ಷಣ್ಮುಗಿ’, ಮರುವರ್ಷ ಹಿಂದಿಯ ‘ಚಾಚಿ 420’ ಆಯಿತು. ಸೀರೆ, ಮೇಕಪ್ಪು, ಅಡುಗೆಮನೆ ಎಲ್ಲ ಸೊಗಸಾಗಿ ನಮ್ಮದಾದವು. ಜೊತೆಗೆ ಗಂಡ ಹೆಂಡತಿಯೂ ಒಂದಾಗಿಬಿಟ್ಟರು.

ನಮ್ಮ ಪ್ರೇಕ್ಷಕರು ಬೇರೆ ಅಂತ್ಯವನ್ನು ಒಪ್ಪುವುದಿಲ್ಲವಂತೆ. ಅವರನ್ನು ಕೇಳಿದವರು ಯಾರು? ಕುಟುಂಬ ನ್ಯಾಯಾಲಯದ ಬೆಂಚಿನ ಮೇಲೆ ಫೈಲು ಹಿಡಿದು, ತಮ್ಮ ಕೇಸು ಕೂಗುವುದನ್ನು ಕಾಯುತ್ತಾ ಕುಳಿತವರೂ ದುಡ್ಡು ಕೊಟ್ಟೇ ಸಿನಿಮಾ ನೋಡುತ್ತಾರೆ.