ಮೂರು ನಕ್ಷತ್ರದ ಕೋವಿ

ಭಾನುವಾರಗಳಲ್ಲಿ ನಾನು ಯಂತ್ರ ಚಿಮ್ಮಿಸುವ ಹಾರುವ ಬಿಲ್ಲೆಗಳಿಗೆ ಕೋವಿಯಿಂದ ಗುರಿಯಿಡುತ್ತೇನೆಂಬ ಸಂಗತಿ ನಮ್ಮ ಬಂಧುವರ್ಗದಲ್ಲಿ ಹಬ್ಬಿದಷ್ಟು ಬೇಗ, ಅವುಗಳಲ್ಲಿ ಮುಕ್ಕಾಲು ಪಾಲು ಇಡಿಯಾಗಿಯೇ ನೆಲ ಸೇರುತ್ತವೆಂಬ ಸಂಗತಿ ಹಬ್ಬಲಿಲ್ಲ. ಆದ್ದರಿಂದಲೇ ಮದ್ದೂರಿನ ಸೋದರಮಾವ ಒಂದು ದಿನ ಫೋನು ಮಾಡಿ, “ಅಳಿಯಾ, ಅಪ್ಪಯ್ಯನ ಕೋವಿ ಮಾರಾಣ ಅಂತಿದೀನಿ. ನೀನು ತಿಳಿದೋನು, ಬಂದು ರೇಟು ಹೇಳು” ಎಂದು ಅಪ್ಪಣೆ ಮಾಡಿದರು.

ಖಾಲಿಯಿದೆಯೆಂದು ಮಾವ ಎಷ್ಟೇ ಆಣೆಯಿಟ್ಟರೂ ತೋಟಾ ಕೂರುವ ಜಾಗವನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಎಳೆದು, ಒಳಗೆ ಬೆರಳಾಡಿಸಿ ನೋಡಿದ ಮೇಲೆಯೇ ನಾನು ಕೋವಿಯನ್ನು ಕೈಗೆತ್ತಿಕೊಂಡೆ. ಹಿಂಭಾಗ ಥಟ್ಟನೆ ಚೌಕಾಕಾರದಲ್ಲಿ ಮುಗಿದು ಗೂನುಬೆನ್ನಿನಂತೆ ಕಾಣುತ್ತಿದ್ದುದರಿಂದ ಅದು ಅಮೆರಿಕದ ಬಂದೂಕು ತಜ್ಞ ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದ, ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಅರೆ ಸ್ವಯಂಚಾಲಿತ ಕೋವಿ ಆಟೋ-5 ಎಂಬುದರಲ್ಲಿ ಸಂಶಯವೇ ಉಳಿಯಲಿಲ್ಲ. ನಳಿಗೆಯ ಮೇಲೆ ಬೆಲ್ಜಿಯಂ ದೇಶದ ಹೆರ್ಸ್ಟಾಲ್ ಊರಿನ ಕಾರ್ಖಾನೆಯ ಹೆಸರೂ, ಅದರ ಪಕ್ಕದಲ್ಲಿ ‘ಪೇಟೆಂಟ್ ಡಿಪೋಸೆ’ ಎಂಬ ಫ್ರೆಂಚ್ ಮಾತೂ ಇದ್ದವು. ಕನ್ನಡಕ ಏರಿಸಿ ಓದಿದ ಮಾವ, “ದೋಸೆಗೂ ಪೇಟೆಂಟಾ?” ಎಂದರು. ಅದಕ್ಕಿಂತ ಹೆಚ್ಚಿನ ಸಂಭ್ರಮ ಅವರಿಗೆ ನಳಿಗೆಯ ಬುಡದಲ್ಲಿ ಕೆತ್ತಿದ್ದ ಮೂರು ನಕ್ಷತ್ರಗಳನ್ನು ಕಂಡಾಗ ಆಯಿತು. ಹೋಟೆಲಿನ ಲೆಕ್ಕದಲ್ಲಿ ತ್ರೀ ಸ್ಟಾರ್ ಎಂದರೆ ಬೆಲೆಯೂ ಹಾಗೆಯೇ ಇರಬೇಕೆಂಬುದು ಅವರ ವಾದ. ಬ್ರೌನಿಂಗ್ ಕೋವಿಗಳಲ್ಲಿ ಈ ಲೆಕ್ಕ ತಿರುವುಮುರುವು: ಒಂದು ನಕ್ಷತ್ರವಿದ್ದರೆ ನಳಿಗೆಯ ಬಾಯಿ ಪೂರ್ತಿ ಬಿಗಿ, ಮೂರಿದ್ದರೆ ಬಿಗಿಯೇ ಇಲ್ಲ. ಹತ್ತಿರದಲ್ಲಿ ಹಾಯುವ ಬಿಲ್ಲೆಗೆ ಅದು ಒಪ್ಪುತ್ತದೆ. ದೂರ ಹಾರುವ ಬಿಲ್ಲೆಯ ಸುತ್ತ ಚರೆಗಳೆಲ್ಲ ಚದುರಿ, ಬಿಲ್ಲೆ ನಡುವಿನಿಂದ ಸುಖವಾಗಿ ಪಾರಾಗುತ್ತದೆ. ಈ ವಿವರಣೆಯಿಂದ ಮಾವನಿಗೆ ನನ್ನ ವಿದ್ಯೆಯ ಮೇಲಿದ್ದ ನಂಬಿಕೆ ಅರ್ಧಕ್ಕೆ ಇಳಿಯಿತು.

ಅವರು ಬೆಲೆ ಕಟ್ಟುತ್ತಿದ್ದುದು ಅಜ್ಜ ಹೊಡೆದ ಕಾಡುಹಂದಿಗಳ ಸಂಖ್ಯೆಯ ಮೇಲೆ. ಆ ಸಂಖ್ಯೆಯಾದರೋ ಪ್ರತಿ ಕಾಫಿಗೂ ಏರುತ್ತಿತ್ತು. ನಾನು ನಳಿಗೆಯ ಕೆಳಗೆ ಮುಂದಿನ ಕೈ ಹಿಡಿಯುವ ಮರದ ಭಾಗವನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಈ ಕೋವಿಗಳಲ್ಲಿ ಮೊದಲು ಸೀಳುವುದು ಅದೇ. ನಮ್ಮದರಲ್ಲಿ ಗೆರಸಿಯ ಸೀಳಿನಂತಹ ಬಿರುಕಿತ್ತು. ಊರಿನ ಬಡಗಿ ಅದಕ್ಕೆ ಅಂಟು ತುಂಬಿ, ತೊಟ್ಟಿಲಿಗೆ ಬಳಿಯುವ ಬಣ್ಣವನ್ನೇ ಬಳಿದಿದ್ದ. ನಳಿಗೆಯ ಮೇಲೆ ತುಕ್ಕಿನ ಮಚ್ಚೆಗಳೂ ಇದ್ದವು. 2024ರ ಲೋಕಸಭಾ ಚುನಾವಣೆಗೆ ಇತರ ಪರವಾನಗಿದಾರರಂತೆ ಠಾಣೆಯಲ್ಲಿ ಠೇವಣಿಯಿಡುವಾಗ ಮಾವ ಅದನ್ನು ಎಣ್ಣೆ ಒರೆಸದೆ, ತೇವ ಹೀರುವ ಚರ್ಮದ ಚೀಲದಲ್ಲಿ ಶಾಲು ಹೊದಿಸಿ ಮಲಗಿಸಿದ್ದರು. ಇವೆಲ್ಲಕ್ಕಿಂತ ಬೆಲೆಯನ್ನು ಇಳಿಸುವುದು ಕೊಳ್ಳುವವರ ಅಭಾವ. ಅರೆ ಸ್ವಯಂಚಾಲಿತ ಕೋವಿಗೆ ಪರವಾನಗಿ ಸುಲಭಕ್ಕೆ ದೊರೆಯುವುದಿಲ್ಲ. ದೊರೆತವರಿಗೆ ಮಾರುವುದಾದರೂ ಮೊದಲು ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. “ಹಸು ಮಾರೋದಕ್ಕೂ ಇಷ್ಟು ಕಾಟ ಇಲ್ಲ” ಎಂದು ಮಾವ ನಿಟ್ಟುಸಿರಿಟ್ಟರು.

ನಡೆಯುವ ಕೋವಿಯೆಂದು ತೋರಿಸಿದರೆ ನಾಲ್ಕು ಕಾಸು ಹೆಚ್ಚು ಬಂದೀತೆಂದು, ನಳಿಗೆಯ ಅಡಿಯಲ್ಲಿ 12-70 (12 ಬೋರ್, 70 ಮಿ.ಮೀ. ತೋಟಾ) ಎಂಬ ಗುರುತನ್ನು ಖಚಿತಪಡಿಸಿಕೊಂಡು, ಮಾವನ ಪರವಾನಗಿಯ ಮೇಲೆಯೇ 24 ಗ್ರಾಂ ಚರೆಯ ಹಗುರ ತೋಟಾಗಳನ್ನು ಕೊಂಡು ಮೈಸೂರಿನ ಹೊರವಲಯದ ರೇಂಜಿಗೆ ಹೋದೆವು. ಮೊದಲ ಗುಂಡಿಗೇ ಖಾಲಿ ತೋಟಾ ಕಿಂಡಿಯಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ಸಿಕ್ಕಿಕೊಂಡಿತು. ಎರಡನೆಯದೂ ಹಾಗೆಯೇ. ಮಾವ ತೋಟಾವನ್ನು ಬೈದರು, ಬಿಲ್ಲೆಯನ್ನು ಬೈದರು, ಕೊನೆಗೆ ನನ್ನನ್ನು ನೋಡಿದರು.

ತಪ್ಪು ಅಜ್ಜನದಾಗಿತ್ತು. ಈ ಕೋವಿಯಲ್ಲಿ ಗುಂಡು ಹಾರಿದಾಗ ನಳಿಗೆಯೇ ಬೋಲ್ಟಿನ ಜೊತೆಗೆ ಹಿಂದಕ್ಕೆ ಸರಿಯುತ್ತದೆ. ಆ ಓಟಕ್ಕೆ ಲಗಾಮು ಹಾಕುವುದು ತೋಟಾ ತುಂಬುವ ಕೊಳವೆಯ ಮೇಲಿನ ಸ್ಪ್ರಿಂಗು, ಆ ಕೊಳವೆಯನ್ನು ಅಪ್ಪಿ ಹಿಡಿಯುವ ಒಂದು ಕಂಚಿನ ಪಟ್ಟಿ, ಒಂದು ಉಕ್ಕಿನ ಉಂಗುರ. ಭಾರಿ ತೋಟಾ ಹಾಕುವಾಗ ಉಂಗುರವು ಸ್ಪ್ರಿಂಗಿಗೂ ಪಟ್ಟಿಗೂ ನಡುವೆ ಇರಬೇಕು, ಹಗುರವಾದದ್ದಕ್ಕೆ ಸ್ಪ್ರಿಂಗಿನ ಹಿಂದೆ ಹೋಗಬೇಕು. ಹಂದಿಗೆಂದು ಅಜ್ಜ ಬಿಗಿದಿಟ್ಟ ಲಗಾಮಿನಲ್ಲಿ ನಾವು ಬಿಲ್ಲೆ ಹೊಡೆಯಲು ಹೊರಟಿದ್ದೆವು.

ಮನೆಗೆ ಬಂದು ಹಜಾರದಲ್ಲಿ ಪತ್ರಿಕೆ ಹಾಸಿ ಎಲ್ಲವನ್ನೂ ಬಿಚ್ಚಿ, ಜೋನಿಬೆಲ್ಲದಂತೆ ಅಂಟಂಟಾಗಿದ್ದ ಹಳೆಯ ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆದೆ. ಕೈ ತೊಳೆದು ಬರುವಷ್ಟರಲ್ಲಿ ಎರಡು ಅನಾಹುತಗಳಾಗಿದ್ದವು. ಕೊಳವೆಗೆ ಎಣ್ಣೆಯನ್ನು ಒರೆಸಿಯೂ ಒರೆಸದಂತೆ ಹಚ್ಚಬೇಕೆಂದಿದ್ದೆ. ಎತ್ತಿನಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿ ಬೆಳೆದ ಮಾವ ಅದಕ್ಕೆ ಅಭ್ಯಂಜನವನ್ನೇ ಮಾಡಿಸಿದ್ದರು. ಎರಡನೆಯದಾಗಿ, ಉಂಗುರ ಕಾಣೆಯಾಗಿತ್ತು. ಹಗುರ ತೋಟಾಗಳಿಗೆ ಅದರ ಕೆಲಸವಿಲ್ಲವೆಂಬ ಧೈರ್ಯದಿಂದ ನಾನು ತುಟಿಪಿಟಕ್ಕೆನ್ನದೆ ಕೋವಿಯನ್ನು ಜೋಡಿಸಿಬಿಟ್ಟೆ.

ಮುಂದಿನ ಭಾನುವಾರ ತೋಟಾಗಳು ಒಂದೂ ತಪ್ಪದೆ ಹೊರಕ್ಕೆ ಹಾರಿದವು. ಎಣ್ಣೆಯ ದೆಸೆಯಿಂದ ಹಿಡಿತ ತಪ್ಪಿದ ನಳಿಗೆ ಪ್ರತಿ ಸಲವೂ ಮಾವನ ಭುಜಕ್ಕೆ ಒನಕೆಯಂತೆ ಬಡಿಯಿತು. 25 ಬಿಲ್ಲೆಗಳಲ್ಲಿ ನಾಲ್ಕು ಒಡೆದವು. ಭುಜ ಜಂಬುನೇರಳೆಯ ಬಣ್ಣಕ್ಕೆ ತಿರುಗಿತು.

ಬಂದೂಕಿನ ಅಂಗಡಿಯವರು ಅಜ್ಜನ ಹಂದಿಗಳ ಕಥೆಯನ್ನು ತಾಳ್ಮೆಯಿಂದ ಕೇಳಿದರು; ಪರವಾನಗಿ ಪುಸ್ತಕದ ಸಂಖ್ಯೆಯನ್ನೂ ಕೋವಿಯ ಸಂಖ್ಯೆಯನ್ನೂ ತಾಳೆ ನೋಡಿದರು; ಮರದ ಭಾಗ ಬಿಚ್ಚಿದವರೇ, “ಉಂಗುರ ಎಲ್ಲಿ ಸ್ವಾಮಿ?” ಎಂದರು. ಮಾವ ನನ್ನ ಕಡೆ ತಿರುಗಿದರು. ನಾನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದೆ.

ಸಂಜೆ ಅತ್ತೆಯನ್ನು ಕೇಳಿದಾಗ ಅವರು ತಡಮಾಡದೆ ದೇವರ ಮನೆಯನ್ನು ತೋರಿಸಿದರು. ಮೂರು ವರ್ಷಗಳಿಂದ ವಾಲುತ್ತಿದ್ದ ಹಿತ್ತಾಳೆಯ ದೀಪ ಈಗ ನೆಟ್ಟಗೆ ನಿಂತಿತ್ತು. ಅದರ ಬುಡದಲ್ಲಿ ಬೆಲ್ಜಿಯಂ ಉಕ್ಕಿನ ಉಂಗುರ, ಅಂಚಿಗೆ ಮೂರು ಕಡೆ ಕುಂಕುಮ. “ಶುಕ್ರವಾರ ಕಳೀಲಿ, ದೀಪ ಉರಿಯೋವಾಗ ಕೀಳಬಾರದು” ಎಂದರು ಅತ್ತೆ. ಮಾವ ಭುಜ ನೀವಿಕೊಳ್ಳುತ್ತಾ ಅಂಗಡಿಯವರಿಗೆ ಫೋನು ಮಾಡಿ, ಶನಿವಾರ ಬರುತ್ತೇವೆಂದು ತಿಳಿಸಿದರು.