ಸತ್ಯಾಂಶ: ಕೊಂಬಿನ ಜೀರುಂಡೆ ಮರ ಕೊಲ್ಲುವುದಿಲ್ಲ

"ಈ ಕೊಂಬಿನ ಹುಳ ಮರವನ್ನು ಒಳಗಿಂದ ತಿಂದು ಕೊಲ್ಲುತ್ತದೆ, ಕೊಂಬಿನಲ್ಲಿ ವಿಷವಿದೆ, ಕಂಡ ಕೂಡಲೇ ಔಷಧಿ ಹೊಡೆಯಿರಿ" ಅಂತ ಒಂದು ಫೋಟೋ ಹರಿದಾಡುತ್ತಿದೆ. ಎರಡೂ ಸುಳ್ಳು.

ಅದು ಬೋಲಿಟೋಥೆರಸ್ ಕಾರ್ನ್ಯೂಟಸ್. ಉತ್ತರ ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿರುವ, ಸುಮಾರು 1 ಸೆಂಟಿಮೀಟರ್ ಉದ್ದದ ಜೀರುಂಡೆ. ಈ ಕುಲದಲ್ಲಿರುವುದು ಇದೊಂದೇ ಪ್ರಭೇದ. ತಿನ್ನುವುದು ಮರವನ್ನಲ್ಲ, ಕಾಂಡಕ್ಕೆ ಅಂಟಿಕೊಂಡು ಬೆಳೆಯುವ ಗ್ಯಾನೋಡರ್ಮಾದಂಥ ಗಟ್ಟಿ ಅಣಬೆಗಳನ್ನು. ಹೆಣ್ಣು ಅಣಬೆಯ ಮೇಲೆ ಒಂದೊಂದೇ ಮೊಟ್ಟೆ ಇಟ್ಟು ಅದರ ಮೇಲೆ ಕಪ್ಪು ಹಿಕ್ಕೆ ಮೆತ್ತುತ್ತದೆ, ಹತ್ತಿರದಿಂದ ನೋಡಿದರೆ ಸಣ್ಣ ಕಪ್ಪು ಗುಬುಟಿನ ಹಾಗೆ ಕಾಣುತ್ತದೆ, ಮರಿ ಹೊರಬಂದು ನೇರ ಅಣಬೆಯೊಳಕ್ಕೇ ಕೊರೆದುಕೊಂಡು ಹೋಗಿ ಅಲ್ಲೇ ಬೆಳೆಯುತ್ತದೆ. ಎಷ್ಟು ಅಚ್ಚುಕಟ್ಟು ಅಲ್ವಾ?

ಅಣಬೆ ಹೊರಗೆ ಕಾಣಿಸುವ ಹೊತ್ತಿಗೆ ಅದರ ಎಳೆಗಳು ಮರದೊಳಗೆ ಹರಡಿ ಕೊಳೆಸಲು ಶುರು ಮಾಡಿರುತ್ತವೆ. ಜೀರುಂಡೆ ಬರುವುದು ಆಮೇಲೆ. ಮರ ಕೊಲ್ಲುವ ಜೀರುಂಡೆಗಳೂ ಇವೆ ನಿಜ, 2002ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಪತ್ತೆಯಾದ ಹಸಿರು ಆ್ಯಶ್ ಕೊರಕ (ಆ್ಯಶ್ ಎಂಬ ಮರ ಕೊರೆಯುವ ಜೀರುಂಡೆ) ಇದೆಯಲ್ಲ, ಅದರ ಮರಿಗಳು ತೊಗಟೆಯ ಅಡಿಯ ಪದರವನ್ನೇ ತಿನ್ನುತ್ತವೆ. ಅದು ಬೇರೆಯೇ ಕೀಟ.

ಕೊಂಬು ಇರುವುದು ಗಂಡಿಗೆ ಮಾತ್ರ. ಅದರಲ್ಲಿ ವಿಷ ಇಲ್ಲ, ಹೆಣ್ಣಿನ ಮೇಲೆ ಕೂತ ಇನ್ನೊಂದು ಗಂಡನ್ನು ಮೀಟಿ ಎಬ್ಬಿಸಲು ಬಳಸುತ್ತದೆ, ಅಷ್ಟೇ. ಇಲಿಯಂಥ ಪ್ರಾಣಿಯ ಉಸಿರು ತಾಗಿದರೆ ಮಾತ್ರ ಹಿಂಬದಿಯ ಗ್ರಂಥಿಗಳನ್ನು ಹೊರಚಾಚಿ ಘಾಟು ರಾಸಾಯನಿಕ ಬಿಡುತ್ತದೆ. ಇಲ್ಲದಿದ್ದರೆ ಸುಮ್ನೆ ಸತ್ತಂತೆ ಬಿದ್ದಿರುತ್ತದೆ.

ಔಷಧಿ ಹೊಡೆದರೆ ಸಾಯುವುದು ಜೀರುಂಡೆ, ಮರದೊಳಗಿನ ಕೊಳೆತ ಹಾಗೇ ಇರುತ್ತದೆ. ಮರ ಬೀಳುವ ಭಯವಿದ್ದರೆ ಕಾಂಡ ಎಷ್ಟು ಟೊಳ್ಳಾಗಿದೆ ಅಂತ ತಿಳಿದವರಿಂದ ನೋಡಿಸಿ.